ಅಂಗೈಯಲ್ಲೊಂದು ತೊಟ್ಟು ಸಾರು

ಎಡೆಗೆ ಹೂವು ತಗೊಂಡು ಬಂದ್ಬಿಡ್ತೀನಿ, ಇಲ್ಲೇ ಇರಿ ಅಂತ ಹೆಂಡತಿ ಸುನಂದ ಆಚೆ ಹೋದದ್ದೇ ತಡ, ಅಮರನಾಥ ಕೋಲಾರದ ಬಸ್ ಸ್ಟ್ಯಾಂಡಿನ ಎದುರಿದ್ದ ಹೋಟೆಲ್ಲಿಗೆ ನುಗ್ಗಿದ. ನುಗ್ಗಿದ ಅನ್ನುವುದೇ ಸರಿ. ಆ ಮೈಯಿಟ್ಟುಕೊಂಡು ನಿಧಾನಕ್ಕೆ ಹೋಗಿದ್ದರೆ ಇನ್ನೂ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಇವತ್ತು ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಎಡೆ ಇಡುವ ಹಿರಿಮಗ ಅಲ್ಲಿಯವರೆಗೆ ಒಂದು ಲೋಟ ಕಾಫಿ ಬಿಟ್ಟರೆ ಬಾಯಿಗೆ ಏನೂ ಹಾಕಬಾರದು. ಅದು ಗೊತ್ತಿದ್ದೇ ಅವನು ನಿಂತುಕೊಂಡು ಇಡ್ಲಿ ತಿಂದ, ವಡೆ ತಿಂದ, ಆಮೇಲೆ ಇನ್ನೊಂದು ಪ್ಲೇಟು ಇಡ್ಲಿಗೆ ಕೈ ಮಾಡಿದ. ಹಸಿವಿತ್ತಾ ಅಂದರೆ ಇರಲಿಲ್ಲ. ರುಚಿಯಿತ್ತಾ ಅಂದರೆ, ಅದೇ ತಾನೇ ಅವನ ಸಂಕಟ. ಇಡ್ಲಿ ಮೆತ್ತಗಿದೆ, ಬಿಸಿ ಇದೆ, ಚಟ್ನಿ ತಣ್ಣಗಿದೆ, ಮೆಣಸಿನಕಾಯಿ ನಾಲಿಗೆಯ ತುದಿಯಲ್ಲಿ ಚುರುಕ್ ಅನ್ನುತ್ತದೆ. ಬಾಯೊಳಗೆ ಯಾರೋ ಬಂದರು, ಹೋದರು ಅನ್ನುವುದು ತಿಳಿಯುತ್ತದೆ, ಬಂದವರು ಯಾರು ಅನ್ನುವುದು ತಿಳಿಯುವುದಿಲ್ಲ. ಮುಂದಿನ ತುತ್ತಿಗೆ ತಿಳಿದೀತು ಅಂತ ಇನ್ನೊಂದು ತುತ್ತು, ಅದಕ್ಕೂ ಇಲ್ಲವಾದರೆ ಇನ್ನೊಂದು. ಸಪ್ಲೈಯರು ಬಿಲ್ಲು ಇಡುತ್ತಾ ಇವನ ಹೊಟ್ಟೆಯನ್ನೊಮ್ಮೆ ನೋಡಿ, ಪಾರ್ಸಲ್ ಏನಾದ್ರೂ ಬೇಕಾ ಸಾರ್ ಅಂದ. ಎಲ್ಲರಿಗೂ ಕೇಳುವ ಮಾತೇ ಅದು. ಆದರೂ ಅಮರನಾಥನ ಕಿವಿ ಬಿಸಿಯಾಯಿತು.

ಇದು ಶುರುವಾದದ್ದು ಊರಿಗೆಲ್ಲ ಆ ಜ್ವರ ಬಂದ ವರ್ಷ. ಮಾಲೂರಿನಲ್ಲಿದ್ದ ಅವನಿಗೂ ಬಂತು, ಸುಗಟೂರಿನಲ್ಲಿದ್ದ ಅಮ್ಮನಿಗೂ ಬಂತು. ಎಲ್ಲರ ಹಾಗೆ ಅವನಿಗೂ ನಾಲಿಗೆ ಸತ್ತಿತು, ಎಲ್ಲರಿಗೂ ಹದಿನೈದು ದಿನಕ್ಕೋ ತಿಂಗಳಿಗೋ ವಾಪಸ್ಸು ಬಂದದ್ದು ಇವನಿಗೆ ಬರಲಿಲ್ಲ. ಜ್ವರ ಬಿಟ್ಟ ಮೇಲೆ ಅಮ್ಮ, ಗಂಗರತ್ನಮ್ಮ, ತಾನೇ ಎದ್ದು ನಿಲ್ಲಲಾರದ ಸ್ಥಿತಿಯಲ್ಲಿ ಒಲೆ ಹಚ್ಚಿ ಬಸ್ಸಾರು ಮಾಡಿ, ತಮ್ಮ ಶಿವಶಂಕರನ ಕೈಯಲ್ಲಿ ಕ್ಯಾರಿಯರು ಕೊಟ್ಟು ಕಳಿಸಿದ್ದಳು. ಸಂಜೆ ಫೋನ್ ಮಾಡಿ, ರುಚಿ ಗೊತ್ತಾಯ್ತೇನೋ ಅಮರ ಅಂದಳು. ಆ ದನಿಯಲ್ಲಿ ಎಂಥಾ ಆಸೆ ಇತ್ತು ಅಂದರೆ, ಇಲ್ಲಮ್ಮ ಅನ್ನುವುದಕ್ಕೆ ಅವನಿಗೆ ಬಾಯೇ ಬರಲಿಲ್ಲ. ಗೊತ್ತಾಯ್ತಮ್ಮ, ಬೆಳ್ಳುಳ್ಳಿ ಒಂಚೂರು ಮುಂದಿತ್ತು ಅಂದ. ಬೆಳ್ಳುಳ್ಳಿ ಮುಂದಿತ್ತು ಅನ್ನುವುದನ್ನು ಎಲ್ಲಿಂದ ತಂದನೋ ಅವನಿಗೇ ಗೊತ್ತಿಲ್ಲ. ಅಮ್ಮ ಆ ಕಡೆ ನಕ್ಕಳು. ಅಲ್ಲಿಂದಾಚೆಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಆಗಲೇ ಇಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಸುನಂದ ಅವನ ಅಂಗಿಯ ಮೇಲಿದ್ದ ಚಟ್ನಿಯನ್ನು ನೋಡಿದಳು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ. ಮೊದಲೆಲ್ಲ ಬೈಯುತ್ತಿದ್ದಳು. ರಾಯಲ್ಪಾಡಿನವಳು, ಸಿಟ್ಟು ಬಂದರೆ ತೆಲುಗಿಗೆ ಹೊರಳಿ, ಎಂತ ತಿಂಟಾವಯ್ಯಾ ಅಂತ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಡಾಕ್ಟರು ಶುಗರು ಅಂದರು, ಬೀಪಿ ಅಂದರು, ತೂಕ ಇಳಿಸಿ ಅಂದರು. ಅವಳು ಅನ್ನ ಮುಚ್ಚಿಟ್ಟಳು, ಅವನು ಹುಡುಕಿ ತಿಂದ. ಒಂದು ದಿನ ಮಾತ್ರ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟಿದ್ದಳು. ಡಾಕ್ಟರು ಹೇಳಿದರು ಅಂತ ಸಾರಿಗೆ ಉಪ್ಪು ಕಮ್ಮಿ ಮಾಡುತ್ತಾ ಬಂದಿದ್ದಳಂತೆ, ಇವರೇನಾದರೂ ಅಂತಾರೇನೋ ಅಂತ ಕಾದಿದ್ದಳಂತೆ, ಕೊನೆಗೊಂದು ದಿನ ಪೂರಾ ಉಪ್ಪೇ ಹಾಕದೆ ಬಡಿಸಿದರೂ ಅವನು ಮೂರು ಸಲ ಕೇಳಿ ಹಾಕಿಸಿಕೊಂಡು ಉಂಡನಂತೆ. ನಿಮ್ಮಮ್ಮ ಮಾಡಿದ್ರೆ ಬೆಳ್ಳುಳ್ಳಿ ಎಸಳು ಲೆಕ್ಕ ಹಾಕ್ತೀರ, ನಾನು ಉಪ್ಪು ಹಾಕಿದ್ರೂ ಒಂದೇ ಹಾಕದೇ ಇದ್ರೂ ಒಂದೇ, ಅಲ್ವಾ ಅಂದಳು. ಅವತ್ತು ಹೇಳಬಹುದಾಗಿತ್ತು. ಬಾಯಿ ತೆರೆದೂ ತೆರೆದಿದ್ದ. ಇವಳಿಗೆ ಹೇಳಿದರೆ ಇವಳು ಓರಗಿತ್ತಿ ಗಂಗಾಲಕ್ಷ್ಮಿಗೆ ಹೇಳುತ್ತಾಳೆ, ಗಂಗಾಲಕ್ಷ್ಮಿ ಅಮ್ಮನಿಗೆ ಹೇಳುತ್ತಾಳೆ ಅಂತ ಹೆದರಿ ಮುಚ್ಚಿಕೊಂಡ. ಅದಾದ ಮೇಲೆ ಸುನಂದ ಬೈಯುವುದನ್ನು ಬಿಟ್ಟಳು. ಬಡಿಸುತ್ತಾಳೆ, ಎದ್ದು ಹೋಗುತ್ತಾಳೆ.

ಅಮ್ಮನಿಗೆ ಗೊತ್ತಾದರೆ ಏನಾಗುತ್ತದೆ ಅನ್ನುವುದನ್ನು ಅವನು ಬೇಕಾದಷ್ಟು ಸಲ ಯೋಚಿಸಿದ್ದಾನೆ. ಮಾಲೂರಿನ ಇಟ್ಟಿಗೆ ಗೂಡುಗಳ ರಸ್ತೆಯಲ್ಲಿ ಅವನದು ಲಾರಿ ತೂಗುವ ವೇಬ್ರಿಡ್ಜಿನ ಕೆಲಸ. ಲಾರಿ ಹತ್ತುತ್ತದೆ, ನಂಬರು ಬೀಳುತ್ತದೆ, ಚೀಟಿ ಕೊಡುತ್ತಾನೆ, ಇಳಿಯುತ್ತದೆ. ಮಧ್ಯೆ ಮಧ್ಯೆ ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತು, ತಿನ್ನುವುದಕ್ಕೂ. ಲಾರಿ ಇಲ್ಲದಾಗ ಒಮ್ಮೆ ಅವನೇ ಹೋಗಿ ಆ ಕಬ್ಬಿಣದ ಹಲಗೆಯ ಮೇಲೆ ನಿಂತು, ಕ್ಯಾಬಿನ್ನಿಗೆ ಓಡಿ ಬಂದು ನೋಡಿದ್ದ, ಓಡಿ ಬಂದ ಮೇಲೆ ಅಲ್ಲಿ ಸೊನ್ನೆ ಬಿಟ್ಟು ಇನ್ನೇನಿರುತ್ತದೆ ಅನ್ನುವುದು ಆಮೇಲೆ ಹೊಳೆದು ಒಬ್ಬನೇ ನಕ್ಕಿದ್ದ. ಸುಗಟೂರಿನ ಮನೆಯಲ್ಲಿ ಒಲೆ ಇನ್ನೂ ಅಮ್ಮನದು. ತಮ್ಮನ ಹೆಂಡತಿ ಗಂಗಾಲಕ್ಷ್ಮಿ ಕೆಟ್ಟವಳಲ್ಲ. ವಯಸ್ಸಾಯ್ತು, ಕೂತು ಉಣ್ಣಿ ಅತ್ತೆ, ನಾನು ಮಾಡ್ತೀನಿ ಅನ್ನುತ್ತಾಳೆ. ಆಗೆಲ್ಲ ಅಮ್ಮನ ಉತ್ತರ ಒಂದೇ: ನನ್ನ ಅಮರ ಭಾನುವಾರ ಬಂದು ಉಂಡು, ಸರಿ ಇಲ್ಲ ಅನ್ಲಿ, ಆವತ್ತೇ ಸೌಟು ಕೆಳಗಿಡ್ತೀನಿ. ಇಡೀ ಮನೆಗೆ ಅದು ಒಪ್ಪಿದ ಮಾತು. ಅವಳಿಗಿನ್ನೇನು ಉಳಿದಿದೆ? ಹೊಲ ತಮ್ಮ ನೋಡಿಕೊಳ್ಳುತ್ತಾನೆ, ಹಸು ಗಂಗಾಲಕ್ಷ್ಮಿ ನೋಡಿಕೊಳ್ಳುತ್ತಾಳೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕೆ ಅವಳ ಸೊಂಟ ಬಗ್ಗುವುದಿಲ್ಲ. ಒಲೆಯೊಂದು ಇದೆ, ಆ ಒಲೆ ನಿಂತಿರುವುದು ಇವನ ನಾಲಿಗೆಯ ಮೇಲೆ, ಆ ನಾಲಿಗೆ ನೋಡಿದರೆ ಹೀಗೆ. ಅದಕ್ಕೇ ಭಾನುವಾರ ಹೋಗುತ್ತಾನೆ, ಅವಳ ಎದುರಿಗೆ ಕೂತು ಉಣ್ಣುತ್ತಾನೆ, ಇನ್ನೊಂದು ಮುದ್ದೆ ಹಾಕಮ್ಮ ಅನ್ನುತ್ತಾನೆ. ಹೆಚ್ಚು ಉಂಡಷ್ಟೂ ಅವಳ ಮುಖ ಅರಳುತ್ತದೆ. ಹುಳಿ ಸರಿ ಇದೆಯೋ ಇಲ್ಲವೋ ಅನ್ನುವುದನ್ನು ತಮ್ಮನ ಹುಬ್ಬು ನೋಡಿ ಹೇಳುವುದನ್ನು ಕಲಿತಿದ್ದಾನೆ.

ಶಾಲೆಗೆ ಹೋಗುವುದಕ್ಕೆ ಮೊದಲಿನಿಂದಲೂ ಆ ಮನೆಯಲ್ಲಿ ಉಪ್ಪು ನೋಡುವವನು ಅವನೇ. ಅಮರಾ ಅಂತ ಒಳಗಿನಿಂದ ಕೂಗು ಬಂದರೆ ಗೋಲಿ ಬಿಟ್ಟು ಓಡಬೇಕು. ಅಮ್ಮ ಸೌಟಿನ ತುದಿಯಿಂದ ಅಂಗೈಯ ಗುಳಿಗೆ ಒಂದು ತೊಟ್ಟು ಸಾರು ಬಿಡುತ್ತಿದ್ದಳು. ಸುಡುತ್ತಿತ್ತು, ಕೈ ಕೊಡವುವಂತಿಲ್ಲ, ಉಫ್ ಅಂತ ಊದಿ ನೆಕ್ಕಬೇಕು. ನೆಕ್ಕಿ ಅವನು ಕಣ್ಣು ಮುಚ್ಚುತ್ತಿದ್ದ. ಅಪ್ಪ ಮುನಿರಾಮಪ್ಪ ಬಾಗಿಲಲ್ಲಿ ನಿಂತು, ಬಂದ ನೋಡು ಜಡ್ಜ್ ಸಾಹೇಬ ಅಂತ ರೇಗಿಸುತ್ತಿದ್ದ. ಆ ಒಂದು ತೊಟ್ಟಿನಲ್ಲಿ ಎಷ್ಟೊಂದು ಇರುತ್ತಿತ್ತು! ಮೊದಲು ಉಪ್ಪು, ಅದರ ಹಿಂದೆ ಹುಣಸೆ, ಆಮೇಲೆ ಎಲ್ಲೋ ದೂರದಿಂದ ಹುರಿದ ಕೊತ್ತಂಬರಿ, ನುಂಗಿದ ಮೇಲೂ ಗಂಟಲಲ್ಲಿ ನಿಲ್ಲುವ ಜೀರಿಗೆ. ಊರಿನ ಮದುವೆ, ತಿಥಿ, ನಾಮಕರಣ ಯಾವುದಿದ್ದರೂ ಉಪ್ಪು ನೋಡುವುದಕ್ಕೆ ಅಡುಗೆ ಭಟ್ಟಿ ಮುಂದೆ ಅವನನ್ನು ಕರೆಯುತ್ತಿದ್ದರು. ಆಗಲೂ ಚೆನ್ನಾಗಿಯೇ ಉಣ್ಣುತ್ತಿದ್ದ, ಇಲ್ಲ ಅಂತೇನಲ್ಲ. ಆದರೆ ಆಗ ಸಾಕು ಅಂತ ಒಳಗಿನಿಂದ ಒಂದು ಮಾತು ಬರುತ್ತಿತ್ತು. ಈಗ ಆ ಮಾತು ಹೇಳುವವರು ಯಾರೂ ಇಲ್ಲ, ಹೊಟ್ಟೆ ನೋಯುವ ತನಕ ತಿನ್ನುವುದೇ. ಹೋದ ತಿಂಗಳು ಶ್ರೀನಿವಾಸಪುರದ ಮದುವೆಯಲ್ಲಿ ಒಂದು ಪಂಕ್ತಿ ಎದ್ದರೂ ಅವನು ಎಲೆ ಬಿಟ್ಟು ಎದ್ದಿರಲಿಲ್ಲ, ಎಲೆ ತೆಗೆಯುವ ಹೆಂಗಸು ಬಂದು ಪಕ್ಕದಲ್ಲೇ ನಿಂತುಕೊಂಡಿದ್ದಳು, ವಿಡಿಯೋದವನು ದೀಪ ಹಿಡಿದಿದ್ದ. ಆ ಸಿ.ಡಿ.ಯಲ್ಲಿ ಎಲ್ಲೋ ತಾನಿದ್ದೇನೆ ಅಂತ ನೆನೆದರೆ ಇವತ್ತಿಗೂ ಅವನ ಮೈ ಹಿಡಿಯಾಗುತ್ತದೆ.

ಬಸ್ಸು ಸುಗಟೂರಿನ ಹತ್ತಿರ ಬಂದಾಗ ಅವನ ಮನಸ್ಸು ಸ್ವಲ್ಪ ಹಗುರವಾಯಿತು. ವರ್ಷದಲ್ಲಿ ಇದೊಂದು ದಿನ ಅವನಿಗೆ ಭಯವಿಲ್ಲ. ಎಡೆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ, ಹಿರಿಯರು ಉಣ್ಣುವುದಕ್ಕೆ ಮೊದಲು ಬಾಯಿಗೆ ಬಿಟ್ಟುಕೊಂಡರೆ ಅದು ಎಂಜಲು. ಅಮ್ಮ ಆವತ್ತು ಮೂಗಿನಲ್ಲೇ ಉಪ್ಪು ನೋಡುತ್ತಾಳೆ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ, ಹಬೆಯನ್ನು ಕೈಯಿಂದ ಮುಖಕ್ಕೆ ತಳ್ಳಿಕೊಂಡು, ಇನ್ನೊಂದು ಚಿಟಿಕೆ ಬೇಕು ಅನ್ನುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಇವತ್ತು ಅಮರಾ ಅಂತ ಯಾರೂ ಕೂಗುವುದಿಲ್ಲ, ಅಂಗೈ ಚಾಚಬೇಕಾಗಿಲ್ಲ. ಪುಣ್ಯಕ್ಕೆ ಇಂಥದೊಂದು ಹಬ್ಬವನ್ನಾದರೂ ಮಾಡಿಟ್ಟಿದ್ದಾರಲ್ಲ ಅಂದುಕೊಂಡ. ಅಂಗಿಯ ಮೇಲಿನ ಚಟ್ನಿಯ ಕಲೆ ಒಣಗಿತ್ತು.

ಮನೆಯಲ್ಲಿ ಆಗಲೇ ಬಾಡಿನ ಸಾರು ಕುದಿಯುತ್ತಿತ್ತು. ಗಂಗಾಲಕ್ಷ್ಮಿ ಹಿತ್ತಲಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು, ಶಿವಶಂಕರ ನಡುಮನೆಯಲ್ಲಿ ಅಪ್ಪನ ಫೋಟೋ ಒರೆಸಿ, ಹೊಸ ಪಂಚೆ ಟವಲು ಮಡಿಸಿ ಇಡುತ್ತಿದ್ದ. ಅಮರನಾಥ ಅಡುಗೆಮನೆಯ ಹೊಸಿಲ ಹೊರಗೆ ಗೋಡೆಗೆ ಒರಗಿ ಕೂತ. ಅಮ್ಮ ಸ್ನಾನ ಮಾಡಿ ಒದ್ದೆ ಕೂದಲು ಗಂಟು ಹಾಕಿಕೊಂಡಿದ್ದಳು. ಅವನನ್ನು ಕಂಡು, ಸೊರಗಿದ್ದೀಯಲ್ಲೋ ಅಂದಳು. ಸುನಂದ ಆಚೆ ಮುಖ ಮಾಡಿ ಹೂವು ಬಿಡಿಸತೊಡಗಿದಳು. ಅವಳನ್ನು ಈ ಮನೆಯ ಒಲೆಯ ಹತ್ತಿರ ಯಾವತ್ತೂ ಕರೆದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಹುಳಿ ಮಾಡಿದ್ದಕ್ಕೆ, ನಿಮ್ಮ ಆಂಧ್ರದ ಕಡೆಯವರ ಖಾರ ನಮಗಾಗಲ್ಲಮ್ಮ ಅಂತ ಅಮ್ಮ ಅಂದಿದ್ದಳು, ಅಲ್ಲಿಗೆ ಆಯಿತು. ಅಮ್ಮ ಡಬ್ಬಿಯಿಂದ ಕಲ್ಲುಪ್ಪು ಹಿಡಿ ತುಂಬ ತೆಗೆದು ಸಾರಿಗೆ ಹಾಕಿ ತಿರುವಿದಳು. ಬಗ್ಗಿ ಹಬೆ ಎಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು. ಅಷ್ಟು ಹೊತ್ತು ಅವಳು ಬಗ್ಗಿದ್ದನ್ನು ಅಮರನಾಥ ಯಾವತ್ತೂ ನೋಡಿರಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ಗಂಗುಲಪ್ಪ ಬಂದ. ಅಪ್ಪನ ತಮ್ಮ, ಪಕ್ಕದ ಬೀದಿಯವನು, ಬಾಯಿ ಜೋರು. ಏನತ್ತಿಗೆ, ನಮ್ಮಣ್ಣನಿಗೆ ಬಾಟ್ಲಿ ತಂದಿದ್ದೀನಿ ಎಲ್ಲಿಡ್ಲಿ ಅಂತ ಬಾಗಿಲಿಂದಲೇ ಕೂಗಿದ. ಅಮ್ಮ ಎದ್ದು ಹೋಗಿ ಮಾತಾಡಿಸಿ, ಕೈ ತೊಳೆದು ಬಂದು, ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಿಡಿ ಉಪ್ಪು ಹಾಕಿದಳು.

ಹಾಕಿದ್ದನ್ನು ಅವನು ಕಣ್ಣಾರೆ ಕಂಡ. ಅಮ್ಮಾ ಆಗಲೇ ಹಾಕಿದ್ಯಲ್ಲ ಅನ್ನಬೇಕು, ಅನ್ನುವುದಕ್ಕೆ ಉಸಿರು ಎಳೆದುಕೊಂಡ, ಆ ಉಸಿರು ಹಾಗೇ ನಿಂತಿತು. ಇಷ್ಟೊಂದು ಜನಕ್ಕೆ ಮಾಡಿದ ಸಾರು, ಮೊದಲನೆಯದು ಸಾಲದೆ ಹಾಕಿರಬಹುದು. ಅವಳ ಮೂಗು ಯಾವತ್ತು ತಪ್ಪಿದೆ? ತಾನೇನು ಕಂಡವನು, ಉಪ್ಪೇ ಹಾಕದ ಸಾರನ್ನು ಮೂರು ಸಲ ಹಾಕಿಸಿಕೊಂಡು ಉಂಡವನು. ಈಗ ಬಾಯಿ ಬಿಟ್ಟು, ಅವಳು ಲೆಕ್ಕವಾಗಿಯೇ ಹಾಕಿದ್ದಾದರೆ, ಚಿಕ್ಕಪ್ಪನ ಎದುರಿಗೆ ಅವಳ ಮುಖವೇನಾದೀತು? ಗಂಗಾಲಕ್ಷ್ಮಿ ಬೇರೆ ಹಿಟ್ಟಿನ ಮೊರ ಹಿಡಿದು ಒಳಗೆ ಬರುತ್ತಿದ್ದಾಳೆ. ಹೀಗೆ ತನಗೆ ತಾನೇ ವಾದ ಹೇಳಿಕೊಳ್ಳುತ್ತಾ ಕೂತವನಿಗೆ, ನಿಜವಾದ ಕಾರಣ ಇದ್ಯಾವುದೂ ಅಲ್ಲ ಅಂತಲೂ ಗೊತ್ತಿತ್ತು. ಹೆದರಿಕೆ, ಬರೀ ಹೆದರಿಕೆ. ಉಪ್ಪಿನ ಮಾತು ಎತ್ತಿದರೆ ಎಲ್ಲಿ ತನ್ನ ನಾಲಿಗೆಯ ಮಾತು ಬರುತ್ತದೋ ಅನ್ನುವುದು. ಅಮ್ಮ ತಟ್ಟನೆ ಅವನ ಕಡೆ ತಿರುಗಿದಳು. ಏನೋ ಕೇಳುವವಳ ಹಾಗೆ ನೋಡಿದಳು. ಅವನು ಫೋನ್ ತೆಗೆದು ನೋಡುವುದಕ್ಕೆ ಶುರುಮಾಡಿದ.

ಎಡೆ ಇಟ್ಟರು. ಬಾಳೆ ಎಲೆಯ ತುಂಬ ಮುದ್ದೆ, ಬಾಡಿನ ಸಾರು, ಅನ್ನ, ವಡೆ, ಪಾಯಸ, ಚಿಕ್ಕಪ್ಪನ ಬಾಟ್ಲಿ, ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟು. ಅಮರನಾಥ ಧೂಪ ಹಾಕಿದ, ಎಲ್ಲರೂ ಅಡ್ಡಬಿದ್ದರು. ಆಮೇಲೆ ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂತರು. ಒಳಗೆ ಹಿರಿಯರು ಉಣ್ಣುವ ಹೊತ್ತು ಅದು, ಯಾರೂ ಒಳಗಿರಬಾರದು, ಗಟ್ಟಿಯಾಗಿ ಮಾತಾಡಬಾರದು. ಎದುರಿನ ಮನೆಯವರೂ ಹಾಗೇ ಜಗಲಿಯ ಮೇಲೆ ಕೂತಿದ್ದರು, ಅವರ ಪಕ್ಕದ ಮನೆಯವರೂ. ಇಡೀ ಬೀದಿ ತಮ್ಮ ತಮ್ಮ ಮನೆಯ ಹೊರಗೆ ಕೂತು ಕಾಯುತ್ತಿತ್ತು. ಅಮರನಾಥನಿಗೆ ಒಳಗೆ ಅಪ್ಪ ಎಲೆಯ ಮುಂದೆ ಕೂತದ್ದು ಕಂಡ ಹಾಗಾಯಿತು. ಅಪ್ಪ ಉಣ್ಣುವಾಗ ಮಾತಾಡುತ್ತಿರಲಿಲ್ಲ. ಈಗ ಒಂದು ತುತ್ತು ಬಾಯಿಗಿಟ್ಟು, ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದಾನೆ, ಜಡ್ಜ್ ಸಾಹೇಬ ಎಲ್ಲಿ ಅಂತ. ಬೆಳಿಗ್ಗೆಯ ಇಡ್ಲಿ ಎದೆಯ ಹತ್ತಿರ ಬಂದಂತಾಗಿ ಅಮರನಾಥ ಎದ್ದು ನಿಂತು ಮತ್ತೆ ಕೂತ. ಅಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಅವಳ ಬೆರಳುಗಳು ಮಡಿಲಲ್ಲಿ ಏನನ್ನೋ ಉದುರಿಸುವವರ ಹಾಗೆ ಆಡುತ್ತಿದ್ದವು.

ಚಿಕ್ಕಪ್ಪ ಬಾಗಿಲು ತಟ್ಟಿ, ಬರ್ತಾ ಇದ್ದೀವಪ್ಪ ಅಂತ ಹೇಳಿ ತೆಗೆದ. ಎಡೆಯ ಎಲೆ ಹಿರಿಮಗನದು, ಅವನು ಮೊದಲ ತುತ್ತು ತೆಗೆದುಕೊಂಡ ಮೇಲೆ ಮಿಕ್ಕವರು ಕೈ ಹಾಕಬೇಕು. ಗಂಡಸರು ಸಾಲಾಗಿ ಕೂತರು, ಗಂಗಾಲಕ್ಷ್ಮಿ ಎಲ್ಲರಿಗೂ ಬಡಿಸಿ ನಿಂತಳು. ಅಮರನಾಥ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ. ಬಿಸಿ. ನುಣ್ಣಗೆ ಜಾರಿತು. ಖಾರ ಸುಟ್ಟಿತು. ಇನ್ನೇನು? ಬಾಯಿ ಮುಚ್ಚಿಕೊಂಡು ನಾಲಿಗೆಯನ್ನು ಮೂಲೆ ಮೂಲೆಗೆ ಕಳಿಸಿ ಹುಡುಕಿದ. ಏನೂ ಇಲ್ಲ. ಗಂಟಲು ಮಾತ್ರ ನೀರು ಬೇಕು ಅನ್ನುತ್ತಿತ್ತು, ಅದು ಉಪ್ಪಿಗೋ ಹೆದರಿಕೆಗೋ ಹೇಗೆ ಹೇಳುವುದು? ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು, ಕಣ್ಣು ಕೀಳದೆ ನೋಡುತ್ತಿದ್ದಳು. ಉಪ್ಪಾಗಿದೆ ಅಂದು, ಆಗಿಲ್ಲದಿದ್ದರೆ? ಚೆನ್ನಾಗಿದೆ ಅಂದು, ಆಗಿದ್ದರೆ? ನೋಡಿಕೊಳ್ಳುವುದಕ್ಕೆ ಪಕ್ಕದಲ್ಲಿ ತಮ್ಮನ ಹುಬ್ಬು ಕೂಡ ಇಲ್ಲ, ಅವನಿನ್ನೂ ಬಾಯಿಗೆ ಇಟ್ಟಿಲ್ಲ. ಬಹಳ ಚೆನ್ನಾಗಿದೆಯಮ್ಮ ಅಂದ. ಅಂದವನು ಅದನ್ನು ನಿಜ ಮಾಡುವವನ ಹಾಗೆ ಗಬಗಬ ಉಂಡ, ಮುದ್ದೆ ಮುಗಿಸಿದ, ಸೌಟಿಗೆ ಕೈ ಒಡ್ಡಿ ಇನ್ನಷ್ಟು ಸಾರು ಹಾಕಿಸಿಕೊಂಡ.

ಮೊದಲು ಕೆಮ್ಮಿದ್ದು ಶಿವಶಂಕರ. ಚಿಕ್ಕಪ್ಪ ಬಾಯಲ್ಲಿದ್ದದ್ದನ್ನು ಎಲೆಯ ಮೂಲೆಗೆ ಉಗಿದು, ಒಂದು ಚೊಂಬು ನೀರನ್ನು ಒಂದೇ ಗುಟುಕಿಗೆ ಎತ್ತಿದ. ಸಮುದ್ರ ಇದ್ದಂಗಿದೆಯಲ್ಲ ಅತ್ತಿಗೆ, ಪಾಪ ನಮ್ಮಣ್ಣ ಏನಂದ್ಕೊಂಡನೋ ಅಂದ. ಎಲ್ಲರೂ ಅಮರನಾಥನ ಎಲೆಯನ್ನು ನೋಡಿದರು, ಅದು ಬರಿದಾಗಿತ್ತು. ಚಿಕ್ಕಪ್ಪನ ಮುಖ ನಿಧಾನವಾಗಿ ಬದಲಾಯಿತು. ಎಡಗೈಯಿಂದ ಅಮರನಾಥನ ಬೆನ್ನು ತಟ್ಟಿ, ಮಗ ಅಂದ್ರೆ ಹಿಂಗಿರಬೇಕು ನೋಡ್ರಪ್ಪ, ತಾಯಿ ಮನಸ್ಸು ನೋಯುತ್ತೆ ಅಂತ ಒಂದು ಮಾತು ಆಡದೆ ಉಂಡನಲ್ಲ, ನಾವಾಗಿದ್ರೆ ಎಲೆ ಬಿಸಾಕ್ತಿದ್ವಿ ಅಂದ. ಶಿವಶಂಕರ ಅಣ್ಣನನ್ನು ನೋಡಿದ ನೋಟದಲ್ಲಿ ಗೌರವ ತುಂಬಿಕೊಂಡಿತ್ತು. ಇಷ್ಟು ದಿನ ಹೊಟ್ಟೆಬಾಕ ಅನ್ನಿಸಿಕೊಂಡಾಗಲೂ ಅಮರನಾಥನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಅಲ್ಲ ಚಿಕ್ಕಪ್ಪ ಅನ್ನುವುದಕ್ಕೆ ಹೋದ, ಗಂಟಲು ಒಣಗಿ ದನಿ ಹೊರಡಲಿಲ್ಲ. ನೀರು ಕುಡಿದ. ಮತ್ತೆ ಕುಡಿದ. ತಲೆಯೆತ್ತಿ ನೋಡಿದಾಗ ಚೌಕಟ್ಟಿನಲ್ಲಿ ಅಮ್ಮ ಇರಲಿಲ್ಲ.

ಅಮರಾ ಅಂತ ಒಳಗಿನಿಂದ ಕೂಗು ಬಂತು. ಎಂಜಲು ಕೈಯಲ್ಲೇ ಎದ್ದು ಹೋದ. ಅವನು ಚಿಕ್ಕವನಿದ್ದಾಗ ನಿಲ್ಲುತ್ತಿದ್ದ ಜಾಗದಲ್ಲೇ, ಒಲೆಯ ಎಡಕ್ಕೆ, ನಿಲ್ಲುವುದಕ್ಕೆ ಈಗ ಅವನ ಮೈ ಹಿಡಿಸುತ್ತಿರಲಿಲ್ಲ. ಕೈ ಚಾಚು ಅಂದಳು ಅಮ್ಮ. ಎಡಗೈ ಚಾಚಿದ. ಅವಳು ಯಾವುದೋ ಬಟ್ಟಲಿನಿಂದ ಅಂಗೈಗೆ ಒಂದಿಷ್ಟು ಬಿಟ್ಟಳು. ಬೆಳಕು ಮಂಕಾಗಿತ್ತು, ಬಣ್ಣ ಕಾಣಲಿಲ್ಲ. ನೆಕ್ಕಿದ. ಅಭ್ಯಾಸದಂತೆ ಕಣ್ಣು ಮುಚ್ಚಿದ. ತಣ್ಣಗೆ, ನೀರಾಗಿ ಏನೋ ಇಳಿದುಹೋಯಿತು. ಯಾವುದಿದು, ಪಾಯಸದ ಹಾಲೋ, ಹುಣಸೆ ರಸವೋ, ಗಂಜಿಯೋ? ಕಣ್ಣು ಮುಚ್ಚಿಕೊಂಡೇ ನಿಂತ, ತೆರೆದರೆ ಅಮ್ಮನ ಮುಖ ನೋಡಬೇಕಲ್ಲ ಅಂತ.

"ಏನು ಹೇಳು," ಅಂದಳು.

"ನಂಗೆ ಗೊತ್ತಾಗಲ್ಲಮ್ಮ," ಅಂದ ಅಮರನಾಥ. "ಆ ಜ್ವರದಿಂದ ಇಲ್ಲ. ಒಂದು ದಿನಾನೂ ಗೊತ್ತಾಗಿಲ್ಲ."

ಬೆಲ್ಲದ ನೀರು ಅದು ಅಂದಳು ಅಮ್ಮ. ಬೈಯಲಿಲ್ಲ. ಬಟ್ಟಲು ಕೆಳಗಿಟ್ಟು ಮಣೆಯ ಮೇಲೆ ಕೂತಳು, ಅವನೂ ನೆಲದ ಮೇಲೆ ಕುಸಿದು ಕೂತ. ಅವನಿಗೆ ಅಳು ಬಂತು, ಐವತ್ತು ದಾಟಿದ ಗಂಡಸು ಮುದ್ದೆಯ ಕೈ ಮೇಲೆತ್ತಿ ಹಿಡಿದುಕೊಂಡು ಅತ್ತ. ಒಲೆ ನಿನ್ನ ಕೈ ತಪ್ಪಿ ಹೋಗುತ್ತೆ ಅಂತ ಸುಳ್ಳು ಹೇಳಿದೆ, ಹೇಳಿ ಹೇಳಿ ಸಾಕಾಯಿತು, ನೀನು ಎರಡನೇ ಸಲ ಉಪ್ಪು ಹಾಕಿದ್ದನ್ನೂ ನೋಡಿದೆ, ನೋಡಿಯೂ ಬಾಯಿ ಬಿಡಲಿಲ್ಲ ಅಂದ. ಎಲ್ಲ ಕೇಳಿಕೊಂಡು ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಂಗೂ ಇದು ಸತ್ತುಹೋಗಿದೆ ಕಣೋ," ಅಂತ ತನ್ನ ಮೂಗು ಮುಟ್ಟಿ ತೋರಿಸಿದಳು. "ಅದೇ ಜ್ವರದಲ್ಲಿ. ಮಿಕ್ಕ ದಿನ ನಾಲಿಗೇಲಿ ನೋಡ್ಕೋತೀನಿ, ಹೆಂಗೋ ಆಗುತ್ತೆ. ಎಡೆ ದಿನ ಏನ್ಮಾಡ್ಲಿ? ಹೋದ್ವರ್ಷದವರೆಗೂ ದೇವರ ದಯ, ಕೈ ಅಳತೆ ಸರಿಹೋಯ್ತು. ಇವತ್ತು ಹಾಕಿದ್ನೋ ಇಲ್ವೋ ಅಂತಾನೇ ತಿಳೀಲಿಲ್ಲ. ನಿನ್ನ ಕಡೆ ನೋಡಿದೆ. ನೀನು ಸುಮ್ನೆ ಕೂತಿದ್ದೆ, ಸರಿ ಇರ್ಬೇಕು ಅಂದ್ಕೊಂಡೆ."

ಬೆಳ್ಳುಳ್ಳಿಯ ಘಮ, ಒಗ್ಗರಣೆಯ ಘಮ, ಮಳೆ ಬಿದ್ದ ಮಣ್ಣಿನ ವಾಸನೆ ಯಾವುದೂ ಇಲ್ಲದೆ ಅವಳು ಇಷ್ಟು ವರ್ಷ ಅಡುಗೆ ಮಾಡಿದ್ದಳು. ಭಾನುವಾರ ಇವನು ಎಷ್ಟು ಉಣ್ಣುತ್ತಾನೆ ಅನ್ನುವುದನ್ನೇ ನೋಡಿಕೊಂಡು, ಹೋದ ವಾರದ್ದಕ್ಕಿಂತ ಅರ್ಧ ಮುದ್ದೆ ಜಾಸ್ತಿ ಉಂಡ, ಹಾಗಾದರೆ ಕೈ ಕೆಟ್ಟಿಲ್ಲ ಅಂದುಕೊಳ್ಳುತ್ತಿದ್ದಳಂತೆ. ಅವಳು ಹೆದರಿದಷ್ಟೂ ಹೆಚ್ಚು ಮಾಡಿ ಬಡಿಸಿದ್ದಳು, ಇವನು ಹೆದರಿದಷ್ಟೂ ಹೆಚ್ಚು ಉಂಡಿದ್ದ. ಇದಿಷ್ಟನ್ನು ಅಮ್ಮ ಬೇರೆ ಯಾರದೋ ಮನೆಯ ಸಂಗತಿ ಹೇಳುವವಳ ಹಾಗೆ ಹೇಳಿ, ಕೊನೆಗೆ ಸಣ್ಣಗೆ ನಕ್ಕಳು. ನಿಮ್ಮಪ್ಪನಿಗೆ ಉಪ್ಪು ಮುಂದಿದ್ರೇ ಆಗ್ತಿತ್ತು, ಅವನೊಬ್ಬ ಇವತ್ತು ಚೆನ್ನಾಗಿ ಉಂಡಿರ್ತಾನೆ ಅಂದಳು. ಅಳುತ್ತಿದ್ದ ಅಮರನಾಥನಿಗೂ ನಗು ಬಂತು.

ಬಾಗಿಲ ಹತ್ತಿರ ಬಳೆಯ ಸದ್ದಾಯಿತು. ಸುನಂದ ಯಾವಾಗ ಬಂದು ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು ಅನ್ನುವುದು ಅವಳ ಮುಖದಲ್ಲೇ ಇತ್ತು. ಅವನನ್ನು ನೋಡಿದಳು. ಉಪ್ಪಿಲ್ಲದ ಸಾರು ಬಡಿಸಿ ಕಾದು ಕೂತಿದ್ದ ಆ ದಿನ ಅವಳ ಕಣ್ಣಲ್ಲಿ ಬಂದು ಹೋದದ್ದು ಅಮರನಾಥನಿಗೆ ಕಂಡಿತು. ಒಂದು ಮಾತು ನಂಗೆ ಹೇಳಬಾರದಾಗಿತ್ತಾ ಅಂದಳು, ಅಷ್ಟು ಮೆತ್ತಗೆ ಅಂದದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಅಮ್ಮ ಮೊಣಕಾಲಿಗೆ ಕೈಯೂರಿ ಎದ್ದು, ಗಂಗಾಲಕ್ಷ್ಮಿಯನ್ನು ಕರೆದು ಇನ್ನೊಂದಿಷ್ಟು ತೆಂಗಿನಕಾಯಿ ರುಬ್ಬು ಅಂದಳು. ಸಾರಿಗೆ ಬಿಸಿನೀರು ಬೆರೆಸಿದಳು, ಉಪ್ಪು ಹೀರಲಿ ಅಂತ ಒಂದು ಮುದ್ದೆಯನ್ನು ಹಾಗೇ ಮುಳುಗಿಸಿಟ್ಟಳು, ರುಬ್ಬಿದ್ದನ್ನು ಹಾಕಿ ಕುದಿಸಿದಳು. ಎಡೆ ಮುಗಿದಿತ್ತು, ಇನ್ನು ರುಚಿ ನೋಡಬಹುದಾಗಿತ್ತು. ಸೌಟಿನ ತುದಿಯಲ್ಲಿ ಸಾರು ತೆಗೆದುಕೊಂಡು ಅಮ್ಮ ತಿರುಗಿದಳು, ಅಭ್ಯಾಸ ನೋಡಿ, ಅಮರನಾಥ ಕೈ ಚಾಚಿಬಿಟ್ಟಿದ್ದ. ಅಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಅದನ್ನು ದಾಟಿಕೊಂಡು ಬಾಗಿಲವರೆಗೆ ಹೋದಳು.

"ಸುನಂದ, ನೀನು ನೋಡಮ್ಮ," ಅಂದಳು.

ಸುನಂದ ತಕ್ಷಣ ಕೈ ಚಾಚಲಿಲ್ಲ. ಅತ್ತೆಯ ಮುಖ ನೋಡಿದಳು, ಸೆರಗಿಗೆ ಅಂಗೈ ಒರೆಸಿಕೊಂಡಳು, ಆಮೇಲೆ ಹೊಸಿಲು ದಾಟಿ ಒಳಗೆ ಬಂದು ಒಡ್ಡಿದಳು. ತೊಟ್ಟು ಬಿದ್ದಾಗ ಸುಟ್ಟಿರಬೇಕು, ಕೈ ಕೊಡವಲಿಲ್ಲ, ಊದಿ ನೆಕ್ಕಿದಳು. ಅವಳ ಮುಖವನ್ನೇ ಅಮರನಾಥ ನೋಡುತ್ತಿದ್ದ. ಮೊದಲು ಹುಬ್ಬು ಕೂಡಿತು, ಅದು ಉಪ್ಪು. ತುಟಿ ಸ್ವಲ್ಪ ಒಳಗೆ ಹೋಯಿತು, ಹುಣಸೆ. ಗಂಟಲು ಅಲುಗಿತು. ಕೊತ್ತಂಬರಿ ಬಂದು ಹೋಗುವಷ್ಟು ಹೊತ್ತು ಸುಮ್ಮನಿದ್ದಳು. ಆ ಮುಖದಲ್ಲಿ ಸಾರಿನ ರುಚಿ ಒಂದೊಂದೇ ಬಂದು ಕೂರುವುದನ್ನು ಇಷ್ಟು ವರ್ಷ ಜೊತೆಯಲ್ಲಿ ಉಂಡೂ ಅವನು ಒಂದು ದಿನವೂ ನೋಡಿರಲಿಲ್ಲ. ಇನ್ನೊಂಚೂರು ಕಾಯಿ ಬೀಳಲಿ ಅಂದಳು. ಅಮ್ಮ ಹಾಕಿದಳು, ಮತ್ತೆ ತೊಟ್ಟು ಬಿಟ್ಟಳು. "ಸರಿಪೋಯಿಂದಿ ಅತ್ತಮ್ಮ," ಅಂತ ಅವಳ ಬಾಯಿಂದ ತೆಲುಗೇ ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡು, ಸರಿಹೋಯ್ತು ಅತ್ತೆ ಅಂದಳು. ಅಮ್ಮ ಸರಿಪೋಯಿಂದಾ ಅಂತ ಅವಳದೇ ಮಾತಲ್ಲಿ ಕೇಳಿ ಪಾತ್ರೆ ಇಳಿಸಿದಳು.

ಹೊಸ ಎಲೆ ಹಾಕಿದರು. ಚಿಕ್ಕಪ್ಪ ಏನೇನು ನಡೆಯಿತು ಅಂತ ಕೇಳಿದ್ದಕ್ಕೆ ಅಮರನಾಥ ಎಲ್ಲರ ಎದುರಿಗೇ ಹೇಳಿದ, ತಾಯಿಯ ಮನಸ್ಸಿಗಾಗಿ ಉಂಡಿದ್ದಲ್ಲ, ನಂಗೆ ಉಪ್ಪು ತಿಳಿಯುವುದೇ ಇಲ್ಲ ಅಂತ. ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಲೇ, ಮೊದ್ಲೇ ಬೊಗಳೋದಲ್ವೇನ್ಲಾ ಅಂತ ಚಿಕ್ಕಪ್ಪ ಬೈದು, ಬೆನ್ನ ಮೇಲೆ ಇನ್ನೊಂದು ಏಟು ಹಾಕಿದ, ಈ ಸಲದ್ದು ನೋಯಿತು. ಅಮ್ಮ ಸುನಂದಳನ್ನು ಹಿಡಿದು ಅವನ ಪಕ್ಕದಲ್ಲೇ ಕೂರಿಸಿದಳು. ಅವಳು ಒಂದು ತುತ್ತು ತೆಗೆದುಕೊಂಡರೆ ಅವನೂ ಒಂದು ತುತ್ತು ತೆಗೆದುಕೊಂಡ. ಅವಳು ನಿಲ್ಲಿಸಿ ನೀರು ಕುಡಿದರೆ ಅವನೂ ನಿಲ್ಲಿಸಿದ. ಅವಳ ಮುಖ ಉಣ್ಣುತ್ತಿತ್ತು, ಅವನು ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳು ಎಲೆಯಂಚಿಗೆ ಕೈ ತಂದು, ಸಾಕು ಅಂದಳು. ಅಮ್ಮ ಸೌಟು ತುಂಬಿಕೊಂಡು ಇವನ ಮುಂದೆ ಬಗ್ಗಿದ್ದಳು. ಇನ್ನೊಂದಿಷ್ಟು ಹಾಕ್ಲೇನೋ ಅಂತ ಕೇಳುವುದನ್ನೂ ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು, ಸುಮ್ಮನೆ ಹಾಕುತ್ತಿದ್ದಳು. ಅಮರನಾಥನ ಒಳಗಿನಿಂದ ಯಾವ ಮಾತೂ ಬರಲಿಲ್ಲ, ಹೊಟ್ಟೆಯೂ ಏನೂ ಅನ್ನಲಿಲ್ಲ. ಅವನು ಸುನಂದಳ ಎಲೆಯನ್ನೊಮ್ಮೆ ನೋಡಿ, ತನ್ನ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಸಾಕಮ್ಮ," ಅಂದ.

ಅಮ್ಮ ಸೌಟನ್ನು ಪಾತ್ರೆಗೆ ಇಳಿಸಿ, ಗೋಡೆಯ ಪಕ್ಕ ತನಗೂ ಒಂದು ಎಲೆ ಹಾಕಿಕೊಂಡು ಕೂತಳು.